ಅಧಿಕ ಶ್ರಾವಣದ ಪುರಾಣ

ನನ್ನ ದನಿಯ ಬಗ್ಗೆ ನಾನೇ ಹೇಳಿಕೊಳ್ಳಬಾರದು. ಆದರೆ ಬೇರೆಯವರು ಸರಿಯಾಗಿ ಹೇಳುವುದಿಲ್ಲವಾದ್ದರಿಂದ ನಾನೇ ಹೇಳಬೇಕಾಗಿದೆ. ಮೂವತ್ತೊಂದು ವರ್ಷ ಸರಕಾರಿ ಬಸ್ಸಿನಲ್ಲಿ ಕಂಡಕ್ಟರನಾಗಿದ್ದೆ. ಆಳಂದದಿಂದ ಖಜೂರಿ ಗಡಿಯವರೆಗೆ, ಆಮೇಲೆ ಅಫಜಲಪುರದಿಂದ ಕಲಬುರಗಿಯವರೆಗೆ. ಹಿಂದಿನ ಸೀಟಿನಲ್ಲಿ ಗೊರಕೆ ಹೊಡೆಯುವವನು ಕೂಡ ನನ್ನ ಒಂದೇ ಕೂಗಿಗೆ ಎದ್ದು ತನ್ನ ಊರಲ್ಲೇ ಇಳಿಯುತ್ತಿದ್ದ. ಅದೇ ದನಿಯಲ್ಲಿ ಪ್ರತಿ ಶ್ರಾವಣ ಮಾಸದಲ್ಲಿ ಡ್ಯೂಟಿ ಮುಗಿಸಿ, ಯಾವುದಾದರೂ ಊರಿನ ಮಠಕ್ಕೆ ಹೋಗಿ, ತಿಂಗಳಿಡೀ ಸಂಜೆಗೊಂದು ಅಧ್ಯಾಯದಂತೆ ಶರಣರ ಪುರಾಣ ಓದುತ್ತಿದ್ದೆ. ನಿವೃತ್ತನಾದ ಮೇಲೆ ಅದೊಂದೇ ಕೆಲಸ ಉಳಿಯಿತು. ಪುರಾಣಿಕ ಗುರುಪಾದಪ್ಪ ಎಂದರೆ ಅಫಜಲಪುರ ತಾಲೂಕಿನಲ್ಲಿ ಗೊತ್ತಿಲ್ಲದವರು ಕಡಿಮೆ. ಗೊತ್ತಿಲ್ಲದವರಿಗೆ ಕಿವಿ ತೋರಿಸಿಕೊಳ್ಳಲು ಹೇಳಿ.

ಸಿಟ್ಟು ಮಾತ್ರ ನನಗೆ ಮೂಗಿನ ತುದಿಯಲ್ಲೇ ಇರುತ್ತದೆ. ಅದನ್ನೂ ಮುಚ್ಚಿಡುವುದಿಲ್ಲ. ನಾನು ಹೇಳಹೊರಟಿರುವ ಕಥೆಯಲ್ಲಿ ಕೆಟ್ಟದ್ದು ಏನಾದರೂ ಆಗಿದ್ದರೆ ಅದು ಈ ಬಾಯಿಂದಲೇ ಆಗಿದ್ದು.

ಸಪ್ನಾ ನಮ್ಮ ಒಬ್ಬಳೇ ಮಗಳು. ಜೇವರ್ಗಿಯ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಾಳೆ, ಅಲ್ಲೇ ಒಂದು ಬಾಡಿಗೆ ಕೋಣೆಯಲ್ಲಿರುತ್ತಾಳೆ. ಅವಳು ಒಂದು ಕಾದಂಬರಿ ಬರೆದು ಅಚ್ಚು ಹಾಕಿಸಿದಳು. 'ಉಪ್ಪಿನ ಕೋಟೆ' ಎಂದು ಹೆಸರು, ಕೆಳಗೆ ಸಣ್ಣ ಅಕ್ಷರದಲ್ಲಿ 'ಸಂಪುಟ ಒಂದು'. ಒಟ್ಟು ನಾಲ್ಕು ಸಂಪುಟ ಬರೆಯುವ ಆಲೋಚನೆಯಂತೆ. ಇಲ್ಲದ ದೇಶ, ಇಲ್ಲದ ರಾಜ, ಮಾತಾಡುವ ಮೋಡಗಳು. ಇಂಥದ್ದಕ್ಕೆ ಫ್ಯಾಂಟಸಿ ಎನ್ನುತ್ತಾರೆ ಎಂದು ಅವಳೇ ಹೇಳಿದಳು. ಮೊದಲ ಪ್ರತಿಯನ್ನು ಅಫಜಲಪುರಕ್ಕೆ ತಂದು ನನ್ನ ಕೈಗಿಟ್ಟು ಕಾಲಿಗೆ ನಮಸ್ಕಾರ ಮಾಡಿದಾಗ ಮನೆಯಲ್ಲಿ ಹತ್ತು ಜನ ನೆಂಟರು ಕೂತಿದ್ದರು. ನಾನು ಪುಸ್ತಕವನ್ನು ಅಂಗೈಯಲ್ಲಿ ತೂಗಿ ನೋಡಿದೆ.

"ಶರಣರ ಕಥಿ ಓದೂ ಬಾಯಿಲೆ ಇಂಥಾ ಸುಳ್ಳ ಕಥಿ ಓದಾಂಗಿಲ್ಲ ನೋಡವ್ವ," ಎಂದೆ.

ನಾಲ್ಕು ಜನ ನಗಲಿ ಎಂದು ಆಡಿದ ಮಾತು. ನಕ್ಕರು ಕೂಡ. ಸಪ್ನಾ ನಗಲಿಲ್ಲ, ಅಳಲಿಲ್ಲ. ಪುಸ್ತಕವನ್ನು ಟಿವಿ ಪಕ್ಕದಲ್ಲಿಟ್ಟು ಒಳಗೆ ಹೋಗಿ ಅವ್ವನ ಜೊತೆ ರೊಟ್ಟಿ ಬಡಿಯಲು ಕೂತಳು. ಅವತ್ತಿನಿಂದ ನನ್ನೆದುರು ಆ ಪುಸ್ತಕದ ಸುದ್ದಿಯನ್ನೇ ಎತ್ತಲಿಲ್ಲ.

ಎರಡು ವರ್ಷ ಕಳೆದ ಮೇಲೆ ಒಂದು ದಿನ ನನ್ನ ಹೆಂಡತಿ ಜಯಮಾಲಾ ಊಟಕ್ಕೆ ಬಡಿಸುತ್ತ ಹೇಳಿದಳು. "ಪುಸ್ತಕ ಹಾಕಿದವ್ರು ಎರಡನೇ ಭಾಗ ಕೇಳ್ಯಾರಂತ. ಬರಿಯಾಂಗಿಲ್ಲ ಅಂತ ಹೇಳಿ ಕಳಿಸ್ಯಾಳ. ನಮ್ಮಪ್ಪನs ಓದಲಿಲ್ಲಂದ್ರ ಊರ ಮಂದಿ ಯಾಕ ಓದ್ತಾರ ಅಂದ್ಳು."

"ತಾನು ಬರೀಲಾರದ್ದಕ್ಕ ನನ್ನ ಹೆಸರು ಯಾಕ ಹೇಳ್ತಾಳ?" ಎಂದು ರೇಗಿದೆ. ಆದರೆ ಆ ಮಾತು ಗಂಟಲಲ್ಲಿ ಸಿಕ್ಕ ಮೀನಿನ ಮುಳ್ಳಿನ ಹಾಗೆ ಕೂತಿತು. ಮೀನು ತಿನ್ನದವನು ನಾನು, ಆದರೂ ಹಾಗೇ ಇರಬೇಕು ಅದು. ಮಗಳು ಒಂದು ದೊಡ್ಡ ಕೆಲಸಕ್ಕೆ ಕೈ ಹಾಕಿ, ಕಾಲು ಭಾಗದಲ್ಲಿ ಬಿಟ್ಟುಬಿಟ್ಟಿದ್ದಳು. ಬಿಡಿಸಿದವನು ನಾನು.

ಇಷ್ಟಾದರೂ ನಾನು ಪುಸ್ತಕ ತೆರೆಯಲಿಲ್ಲ. ತೆರೆದರೆ ಸೋತಂತೆ ಎಂಬ ಹಟ.

ಆ ವರ್ಷ ಎರಡು ಶ್ರಾವಣ ಬಂದಿದ್ದವು. ಮೊದಲನೆಯದು ಅಧಿಕ ಶ್ರಾವಣ, ಎರಡನೆಯದು ನಿಜ ಶ್ರಾವಣ. ನಮ್ಮ ಕಡೆ ಪುರಾಣ ಹಚ್ಚುವುದು ನಿಜ ಶ್ರಾವಣದಲ್ಲಿ. ನಮ್ಮ ತಾಲೂಕಿನ ಹವಳಗಾ ಊರಿನ ಪುರಾಣ ಸಮಿತಿಗೆ ಹಿರಿಯರು ಬಸವಂತರಾಯ ಗೌಡರು. ಅವರ ಮನೆಯಲ್ಲಿ ಕ್ಯಾಲೆಂಡರು ನೇತು ಹಾಕಿದ ಮೊಳೆಗೇ ಅವರ ಟೊಪ್ಪಿಗೆಯೂ ನೇತಾಡುತ್ತದೆ. ತಿಂಗಳ ಹೆಸರಿನ ಅರ್ಧ ಭಾಗ ಟೊಪ್ಪಿಗೆಯ ಹಿಂದೆ ಹೋಗಿತ್ತು. ಗೌಡರು ಶ್ರಾವಣ ಬಂತು ಎಂದು ಮಠದ ಮುಂದೆ ಪೆಂಡಾಲು ಹಾಕಿಸಿ, ಮೈಕು ತರಿಸಿ, ನನಗೆ ಫೋನು ಮಾಡಿ ಕರೆಸಿಕೊಂಡರು. ನಾನಾದರೂ ಪಂಚಾಂಗ ನೋಡಬೇಕಿತ್ತು. ಗೌಡರು ಹೇಳಿದ ಮೇಲೆ ನೋಡುವುದೇನು ಎಂದು ಬಿಟ್ಟೆ.

ಮೊದಲ ಸಂಜೆ ಇನ್ನೂರು ಜನ ಕೂಡಿದ್ದರು. ಸಕ್ಕರೆ ಕಾರ್ಖಾನೆ ಹಂಗಾಮು ಮುಗಿದು ನಿಂತಿತ್ತು, ಹೊಲದಲ್ಲಿ ತೊಗರಿ ಬಿತ್ತಿ ಆಗಿತ್ತು, ಎಲ್ಲರಿಗೂ ಪುರುಸೊತ್ತು. ನಾನು ಗದ್ದುಗೆ ಮೇಲೆ ಕೂತು ಮೈಕಿಗೆ ಕೆಮ್ಮಿ ಗಂಟಲು ಸರಿ ಮಾಡಿಕೊಳ್ಳುತ್ತಿದ್ದೆ. ಅಷ್ಟರಲ್ಲಿ ಮಠದ ಅಪ್ಪಗಳು, ಅಂದರೆ ಸ್ವಾಮಿಗಳು, ದೂರದೂರಿನಿಂದ ಫೋನು ಮಾಡಿದರು. ಗೌಡರು ಕಿವಿಗೆ ಫೋನಿಟ್ಟುಕೊಂಡು "ಹೌದ್ರಿ, ಹೌದ್ರಿ" ಎನ್ನುತ್ತ ಸಣ್ಣಗಾಗುತ್ತ ಹೋದರು. ಆಮೇಲೆ ನನ್ನ ಕಿವಿಯ ಹತ್ತಿರ ಬಂದರು.

"ಪುರಾಣಿಕರ, ಒಂದು ಗಲತಿ ಆಗ್ಯಾದ್ರಿ. ಇದು ಅಧಿಕ ಅಂತ. ಪುರಾಣ ಈಗ ಹಚ್ಚಬ್ಯಾಡ್ರಿ, ಬರೂ ತಿಂಗಳ ಹಚ್ಚರಿ ಅಂತ ಅಪ್ಪಗೋಳು ಅಂದ್ರು."

ಮೈಕು ಚಾಲೂ ಇತ್ತು. ಕಿವಿಯಲ್ಲಿ ಹೇಳಿದ್ದು ಇಡೀ ಊರಿಗೆ ಕೇಳಿಸಿತು.

ಮುಂದಿನ ಸಾಲಿನಲ್ಲಿ ನಿಂಬೆವ್ವ ಕೂತಿದ್ದಳು. ಎಂಬತ್ತರ ಹತ್ತಿರದ ಮುದುಕಿ. ಸಣ್ಣವಳಿದ್ದಾಗಿನಿಂದ ಒಂದು ಶ್ರಾವಣವನ್ನೂ ತಪ್ಪಿಸದೆ ಪುರಾಣ ಕೇಳಿದವಳು. ಓದುವವನು ಒಂದು ಸಾಲು ನುಂಗಿದರೆ ಅಲ್ಲೇ ಹಿಡಿಯುತ್ತಾಳೆ. ಅವಳು ಎಲೆ ಅಡಿಕೆಯ ಚೀಲ ಬಿಚ್ಚಿಕೊಂಡು ಹೇಳಿದಳು. "ಅಧಿಕರ ಇರಲಿ, ನಿಜರ ಇರಲಿ. ಬಂದು ಕುಂತೀವಿ. ಏನರ ಒಂದು ಓದೋ ಯಪ್ಪಾ. ಕೇಳದs ಏಳಾಂಗಿಲ್ಲ."

ಪುರಾಣ ಓದುವ ಹಾಗಿಲ್ಲ, ಓದದೆ ಏಳುವ ಹಾಗಿಲ್ಲ. ಚೀಲಕ್ಕೆ ಕೈ ಹಾಕಿದೆ. ಪುರಾಣದ ಕೆಳಗೆ ಇನ್ನೊಂದು ಪುಸ್ತಕ ಕೈಗೆ ಸಿಕ್ಕಿತು. ಜಯಮಾಲಾ ಹೇಳದೆ ಕೇಳದೆ ತುರುಕಿದ್ದಳು. 'ಉಪ್ಪಿನ ಕೋಟೆ, ಸಂಪುಟ ಒಂದು'. ಮೈಯೆಲ್ಲ ಉರಿಯಿತು. ಆದರೆ ಇನ್ನೂರು ಜನರ ನಾಲ್ಕುನೂರು ಕಣ್ಣು ನನ್ನ ಮೇಲಿದ್ದವು. ಪುರಾಣದ ಕಾವಿ ಬಟ್ಟೆಯನ್ನು ಆ ಪುಸ್ತಕಕ್ಕೆ ಸುತ್ತಿ, ಮುಖಪುಟ ಕಾಣದ ಹಾಗೆ ಮಾಡಿ, ಎರಡು ಪುಟ ಓದಿ ಎಲ್ಲರನ್ನೂ ಮನೆಗೆ ಕಳಿಸೋಣ ಎಂದುಕೊಂಡೆ.

ಮೊದಲ ಸಾಲು ಹೀಗಿತ್ತು: "ಆ ಊರಿನ ಕೋಟೆ ಉಪ್ಪಿನದು, ಆದ್ದರಿಂದ ಅಲ್ಲಿ ಮಳೆ ಬರುವುದು ಅಪರಾಧವಾಗಿತ್ತು."

ನಿಂಬೆವ್ವ ಅಡಿಕೆ ಕತ್ತರಿಸುವುದನ್ನು ನಿಲ್ಲಿಸಿದಳು.

ಕಥೆ ಏನೆಂದರೆ, ಒಬ್ಬ ರಾಜ ಸಮುದ್ರವನ್ನು ಒಣಗಿಸಿ ಉಪ್ಪಿನಲ್ಲಿ ಕೋಟೆ ಕಟ್ಟಿಸುತ್ತಾನೆ. ಮಳೆ ಬಂದರೆ ಕೋಟೆ ಕರಗುತ್ತದೆ. ಅದಕ್ಕೆ ಅವನ ಸೈನಿಕರು ಆಕಾಶದಲ್ಲಿ ಹೋಗುವ ಮೋಡಗಳನ್ನೆಲ್ಲ ಬಲೆ ಹಾಕಿ ಹಿಡಿದು ಹಗೇವುಗಳಲ್ಲಿ ಕೂಡಿ ಹಾಕುತ್ತಾರೆ. ಹಗೇವು ಎಂದರೆ ನಮ್ಮ ಕಡೆ ಹಿಂದೆ ನೆಲದೊಳಗೆ ಆಳವಾಗಿ ತೋಡಿ ಜೋಳ ತುಂಬಿಡುತ್ತಿದ್ದ ಕಣಜ. ಮೇಲೆ ಸಣ್ಣ ಬಾಯಿ, ಬಾಯಿಗೆ ಕಲ್ಲು ಚಪ್ಪಡಿ. ಮೋಡಗಳನ್ನು ಹೆದರಿಸಿ ಬಲೆಯ ಕಡೆ ಅಟ್ಟಲು ಹಲಗೆ ಬಾರಿಸುವವನ ಮಗಳು ಮಾಣಿಕಿ. ಅವಳಿಗೆ ನೆಲದೊಳಗಿನ ಮೋಡಗಳು ಗುಡುಗುವುದು ಕಾಲಿನ ಅಡಿಯಲ್ಲಿ ಕೇಳಿಸುತ್ತದೆ.

ಎರಡು ಪುಟ ಎಂದುಕೊಂಡವನು ಇಡೀ ಅಧ್ಯಾಯ ಓದಿದೆ. ಯಾಕೆಂದರೆ ಅದು ಓದಿಸಿಕೊಂಡಿತು. ಸಾಲುಗಳು ನನ್ನ ನಾಲಿಗೆಗೆ ಅಳೆದು ಹೊಲಿದ ಹಾಗಿದ್ದವು. ಎಲ್ಲಿ ನನ್ನ ಉಸಿರು ಮುಗಿಯುತ್ತಿತ್ತೋ ಅಲ್ಲಿ ವಾಕ್ಯ ಮುಗಿಯುತ್ತಿತ್ತು. ಎಲ್ಲಿ ನಾನು ದನಿ ಏರಿಸುತ್ತೇನೋ ಅಲ್ಲಿ ಏರಿಸುವ ಮಾತೇ ಇತ್ತು. ಪ್ರಾರ್ಥನೆಗೆ ಮೊದಲು, ಯುದ್ಧಕ್ಕೆ ಮೊದಲು, ಅಳುವಿಗೆ ಮೊದಲು ನಾನು ಎಷ್ಟೆಷ್ಟು ಹೊತ್ತು ತಡೆಯುತ್ತೇನೆ ಎಂಬುದನ್ನು ಯಾರೋ ಕೂತು ಕಲಿತಿದ್ದರು. ಗಂಟಲು ಒಣಗಿ ನೀರು ಕುಡಿಯಲು ತಂಬಿಗೆ ಎತ್ತಿದಾಗ ನನಗೆ ಹೊಳೆಯಿತು. ಸಪ್ನಾ ಆರು ವರ್ಷದವಳಿದ್ದಾಗಿನಿಂದ ಹತ್ತನೇ ಇಯತ್ತೆಯವರೆಗೂ ಪ್ರತಿ ಶ್ರಾವಣ ನನ್ನ ಗದ್ದುಗೆಯ ಪಕ್ಕದಲ್ಲೇ ಕೂರುತ್ತಿದ್ದಳು. ನಿದ್ದೆ ಮಾಡುತ್ತಿದ್ದಾಳೆ ಎಂದು ನಾನು ತಿಳಿದಿದ್ದೆ. ಈ ಪುಸ್ತಕವನ್ನು ಅವಳು ಕಣ್ಣಿಂದ ಓದಲೆಂದು ಬರೆದಿರಲಿಲ್ಲ, ನನ್ನ ಬಾಯಿಂದ ಕೇಳಲೆಂದು ಬರೆದಿದ್ದಳು. ಅದನ್ನೇ ನಾನು ಓದುವುದಿಲ್ಲ ಎಂದಿದ್ದೆ. ಆ ಕ್ಷಣ ನನಗೆ ನಾಚಿಕೆಯೂ ಆಯಿತು, ಎದೆಯೂ ಉಬ್ಬಿತು. ಎರಡೂ ಒಟ್ಟಿಗೆ ಆಗಬಹುದು ಎಂದು ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಮರುದಿನ ಮುನ್ನೂರು ಜನ. ಮೂರನೇ ದಿನ ಪೆಂಡಾಲಿನ ಹೊರಗೂ ಜನ. ಯಾರ ಪುಸ್ತಕ, ಏನು ಎಂದು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ನಾಲ್ಕನೇ ಅಧ್ಯಾಯದಲ್ಲಿ ಕಥೆ ಹಿಂದಕ್ಕೆ ಹೋಗಿ ಮಾಣಿಕಿ ಹುಟ್ಟಿದ ದಿನವನ್ನು ಹೇಳುತ್ತದೆ. ಅದನ್ನು ಓದಿ ಮುಗಿಸಿ ಅಫಜಲಪುರಕ್ಕೆ ಹೋಗಿ, ಮರುದಿನ ಸಂಜೆ ಬಂದು ನೋಡುತ್ತೇನೆ, ಗದ್ದುಗೆಯ ಮುಂದೆ ತೊಟ್ಟಿಲು!

ಪುರಾಣದಲ್ಲಿ ಶರಣರು ಹುಟ್ಟುವ ಅಧ್ಯಾಯ ಬಂದಾಗ ಊರ ಹೆಂಗಸರು ತೊಟ್ಟಿಲು ಕಟ್ಟಿ ಜೋಗುಳ ಹಾಡಿ ಹೆಸರಿಡುವುದು ನಮ್ಮಲ್ಲಿ ರೂಢಿ. ಇವರು ಮಾಣಿಕಿಗೂ ಕಟ್ಟಿದ್ದರು. ಬೇವಿನ ಸೊಪ್ಪು, ಚೆಂಡುಹೂವು, ಬೆಲ್ಲದ ತಟ್ಟೆ. ಬಟ್ಟೆ ಹೊಲಿಯುವ ಖುರ್ಷಿದ, ದಿನಾ ಬಾಗಿಲ ಹತ್ತಿರ ಕೂತು ಕೇಳುವವಳು, ನೀಲಿ ಬಟ್ಟೆಯ ಮೇಲೆ ಬಿಳಿ ಮೋಡಗಳನ್ನು ಕತ್ತರಿಸಿ ಹಚ್ಚಿ ಕೂಸಿನ ತಲೆಗೆ ಕುಲಾಯಿ ಹೊಲಿದು ತಂದಿದ್ದಳು.

"ಇದೇನ್ರಿ ಇದು? ತಲಿ ಕೆಟ್ಟಾದೇನು?" ಎಂದು ಮೈಕಿನಲ್ಲೇ ಕೂಗಿದೆ.

"ಹುಟ್ಟಿದ ಕೂಸಿಗೆ ತೊಟ್ಟಿಲ ಇಲ್ಲದ್ಹಾಂಗ ಬಿಡಾಕ ನಾವೇನು ಉಪ್ಪಿನ ಕೋಟಿ ಮಂದೀನು?" ಎಂದಳು ನಿಂಬೆವ್ವ.

ಬಸವಂತರಾಯ ಗೌಡರು ಎದ್ದು ನಿಂತು, ಟೊಪ್ಪಿಗೆ ಸರಿ ಮಾಡಿಕೊಂಡು, ಬಹಳ ಗೌರವದಿಂದ ಕೇಳಿದರು. "ಪುರಾಣಿಕರ, ಈ ಪುರಾಣ ಬರದ ಶಿವಯೋಗಿಗಳು ಯಾರ್ರಿ? ತೊಟ್ಟಿಲ ತೂಗೂ ಮೊದಲ ಅವರ ಹೆಸರಿಲೆ ಒಂದು ಕಾಯಿ ಒಡೀಬೇಕು."

ನಿಂಬೆವ್ವ ಸೇರಿಸಿದಳು. "ಭಾಳ ಹಳೇ ಕಾಲದವ್ರಿರಬೇಕು. ಮಾತು ಗಟ್ಟಿ ಅದಾವ."

ಕಾವಿ ಬಟ್ಟೆ ಬಿಚ್ಚಿದೆ. ಪುಸ್ತಕ ಎತ್ತಿ ಎಲ್ಲರಿಗೂ ಮುಖಪುಟ ತೋರಿಸಿದೆ. "ಇದು ಪುರಾಣ ಅಲ್ರಿ. ಕಾದಂಬರಿ. ಇದರಾಗ ಯಾವ ಶರಣರೂ ಇಲ್ಲ. ಬರದಾಕಿ ಸಪ್ನಾ. ಜೇವರ್ಗಿ ಸಾಲ್ಯಾಗ ಗಣಿತ ಕಲಸ್ತಾಳ. ನನ್ನ ಮಗಳು."

ಕೊನೆಯ ಎರಡು ಪದಗಳನ್ನು ನಾನು ಯಾವ ಬಸ್ಸಿನಲ್ಲೂ ಅಷ್ಟು ಜೋರಾಗಿ ಕೂಗಿರಲಿಲ್ಲ. ಜನ ಎದ್ದು ಹೋಗುತ್ತಾರೆ ಎಂದುಕೊಂಡೆ. ಯಾರೂ ಏಳಲಿಲ್ಲ. ಗೌಡರು ಸ್ವಲ್ಪ ಯೋಚನೆ ಮಾಡಿ, ಸಪ್ನಾಳ ಹೆಸರಿನಲ್ಲೇ ಕಾಯಿ ಒಡೆದರು. ಹೆಂಗಸರು ಮಾಣಿಕಿಯ ತೊಟ್ಟಿಲು ತೂಗಿದರು. ಆಮೇಲೆ ಗೌಡರು ಇನ್ನೊಂದು ಮಾತು ಹೇಳಿದರು. ಮಠದಲ್ಲಿ ಹಚ್ಚಿದ್ದು ಏನೇ ಇರಲಿ, ಮುಗಿದಾಗ ಮಂಗಲ ಆಗಬೇಕು, ಊರಿಗೆಲ್ಲ ಹುಗ್ಗಿ ಊಟ ಆಗಬೇಕು, ಆ ದಿನ ಬರೆದವಳು ಇಲ್ಲಿ ಕೂತಿರಬೇಕು.

ಕರೆದುಕೊಂಡು ಬರುವುದು ನನ್ನ ಪಾಲಿಗೆ ಬಂತು. ಭಾನುವಾರ ಕಲಬುರಗಿ ಮಾರ್ಗವಾಗಿ ಜೇವರ್ಗಿಗೆ ಹೋದೆ. ಸಪ್ನಾ ಬಾಗಿಲು ತೆಗೆದು ಗಾಬರಿಯಾದಳು.

"ಯಾಕಪ್ಪಾ, ಅವ್ವ ಆರಾಮ ಅದಾಳಿಲ್ಲ?"

"ಆಕಿಗೇನಾಗ್ಯಾದ. ನಿನ್ನ ಪುಸ್ತಕ ಓದಾಕತ್ತೇನಿ. ಹವಳಗಾದಾಗ. ಮೈಕಿನಾಗ."

ಅವಳು ನಂಬಲಿಲ್ಲ. ತೊಟ್ಟಿಲಿನ ಸುದ್ದಿ ಹೇಳಿದೆ, ಕುಲಾಯಿಯ ಸುದ್ದಿ ಹೇಳಿದೆ, ಗೌಡರು ಒಡೆದ ಕಾಯಿಯ ಸುದ್ದಿ ಹೇಳಿದೆ. ಅವಳು ಚಹಾ ಮಾಡುತ್ತೇನೆ ಎಂದು ನನಗೆ ಬೆನ್ನು ಮಾಡಿ ನಿಂತಳು. ಚಹಾ ಉಕ್ಕಿ ಒಲೆಯ ಮೇಲೆಲ್ಲ ಹರಿಯಿತು, ಅವಳು ನೋಡುತ್ತಲೇ ನಿಂತಿದ್ದಳು.

"ಮಂಗಲಕ್ಕ ನೀ ಬರಬೇಕಂತ," ಎಂದೆ.

"ಕಡೀ ಹಾಳಿ ಓದೀದೇನು?"

"ನಾ ಮುಂದ ತಿರುವಿ ನೋಡಾಂವಲ್ಲ. ಅವತ್ತಿನ ಅಧ್ಯಾಯ ಅವತ್ತs."

"ಹಂಗಾರ ಪೂರಾ ಓದು. ಓದಿದ ಮ್ಯಾಲ ನೀನs ನನ್ನ ಬರಬ್ಯಾಡ ಅಂತಿ," ಎಂದಳು.

ಕಪಾಟಿನ ಮೇಲೆ ನಾಲ್ಕು ದಪ್ಪ ರಟ್ಟಿನ ನೋಟ್‌ಬುಕ್ ಇದ್ದವು. ಮೇಲಿನದನ್ನು ಎತ್ತಿ ನೋಡಿದೆ. ಮೊದಲ ಪುಟದಲ್ಲಿ 'ಉಪ್ಪಿನ ಕೋಟೆ, ಸಂಪುಟ ಎರಡು' ಎಂದು ಬರೆದು ಅಡ್ಡ ಗೆರೆ ಎಳೆದಿತ್ತು. ಉಳಿದ ಹಾಳೆಗಳನ್ನು ಹರಿದು ತೆಗೆದಿದ್ದಳು.

"ಉಳದ ಹಾಳಿ?"

"ಪರೀಕ್ಷಾದಾಗ ಹುಡುಗ್ರಿಗೆ ಲೆಕ್ಕ ಮಾಡಾಕ ಕೊಟ್ಟೆ."

ಆಗಲೇ ತಪ್ಪಾಯಿತವ್ವ ಎನ್ನಬೇಕಿತ್ತು. ಬಾಯಿಗೆ ಬಂದಿತ್ತು. ಆದರೆ ನನ್ನ ಬಾಯಿ ಊರಿಗೆಲ್ಲ ತೆರೆಯುತ್ತದೆ, ಮನೆಯವರ ಮುಂದೆ ಬೀಗ ಹಾಕಿಕೊಳ್ಳುತ್ತದೆ. "ಚಾ ಸಪ್ಪಗಾಗ್ಯಾದ," ಎಂದು ಬೈದು ಎದ್ದು ಬಂದೆ. ದಾರಿಯುದ್ದಕ್ಕೂ ನನ್ನನ್ನು ನಾನೇ ಬೈದುಕೊಂಡೆ. ಪಕ್ಕದ ಸೀಟಿನವನು ಎದ್ದು ಬೇರೆ ಕಡೆ ಕೂತ.

ಹೀಗೆ ಇಪ್ಪತ್ತೆರಡು ಅಧ್ಯಾಯ ಮುಗಿದವು. ಇಪ್ಪತ್ತಮೂರನೆಯದು ಕೊನೆಯದು. ಮಂಗಲದ ದಿನ ಓದು ಮುಂಜಾನೆಯೇ. ಮಠದ ಹಿಂದೆ ಗೋಧಿ ಹುಗ್ಗಿಯ ದೊಡ್ಡ ಕಡಾಯಿಗಳು ಕುದಿಯುತ್ತಿದ್ದವು. ಆರತಿ ತಟ್ಟೆಗಳು ಸಾಲಾಗಿ ಸಿದ್ಧವಿದ್ದವು. ಓದಲು ಕೂತಾಗ ಹೆಂಗಸರ ಸಾಲಿನ ಹಿಂದೆ ಕಂಬಕ್ಕೊರಗಿ ಸಪ್ನಾ ಕೂತಿರುವುದು ಕಂಡಿತು, ಪಕ್ಕದಲ್ಲಿ ಜಯಮಾಲಾ. ನೀನೇ ಬರಬೇಡ ಅನ್ನುತ್ತೀ ಎಂದಿದ್ದವಳು ಬಂದಿದ್ದಳು. ನಾನು ಕಂಡರೂ ಕಾಣದ ಹಾಗೆ ಕನ್ನಡಕ ಒರೆಸಿಕೊಂಡೆ.

ಕೊನೆಯ ಅಧ್ಯಾಯದಲ್ಲಿ ಮಾಣಿಕಿ ಕಾವಲುಗಾರರ ಕಣ್ಣು ತಪ್ಪಿಸಿ ಎಲ್ಲಕ್ಕಿಂತ ದೊಡ್ಡ ಹಗೇವಿನ ಹತ್ತಿರ ಬರುತ್ತಾಳೆ. ಚಪ್ಪಡಿ ಸರಿಸಿ ಹಗ್ಗ ಹಿಡಿದು ಇಳಿಯುತ್ತಾಳೆ. ಕೆಳಗೆ ಕತ್ತಲಲ್ಲಿ ಸಾವಿರ ಮೋಡಗಳು. ಅವಳು ಮೊದಲನೆಯ ಮೋಡಕ್ಕೆ ಕೈ ಚಾಚುತ್ತಾಳೆ. ಆಗ ಮೇಲೆ ಹೆಜ್ಜೆ ಸಪ್ಪಳ. ಹಗ್ಗ ತುಂಡಾಗಿ ಬೀಳುತ್ತದೆ. ಚಪ್ಪಡಿ ಉರುಳಿ ಬಾಯಿ ಮುಚ್ಚುತ್ತದೆ.

ಪುಟ ತಿರುವಿದೆ. ಅಲ್ಲಿ ಒಂದೇ ಸಾಲಿತ್ತು: "ಸಂಪುಟ ಒಂದು ಮುಗಿಯಿತು." ಮತ್ತೆ ತಿರುವಿದೆ, ಖಾಲಿ. ಇಡೀ ಪುಸ್ತಕ ತಲೆ ಕೆಳಗು ಮಾಡಿ ಕೊಡವಿದೆ. ನಗಬೇಡಿ, ನಿಜವಾಗಿಯೂ ಕೊಡವಿದೆ.

ಮೊದಲು ಮಾತಾಡಿದವಳು ನಿಂಬೆವ್ವ. "ದೀಪ ಬಿಡದs ಇಳದ್ಳೇನು?"

"ಏನು?"

"ಹಗೇವಿನಾಗ ಇಳಿಯೂ ಮೊದಲ ಹಗ್ಗಕ್ಕ ದೀಪ ಕಟ್ಟಿ ಬಿಡಬೇಕು. ದೀಪ ಆರಿತಂದ್ರ ಒಳಗ ಉಸಿರಿಲ್ಲಂತ. ನಮ್ಮ ಮಾವನ ತಮ್ಮ ಹಂಗs ಇಳದು ಹೆಣ ಆಗಿ ಬಂದ. ಈ ಹುಡುಗಿ ದೀಪ ಬಿಡಲಿಲ್ಲ, ಮ್ಯಾಲ ಕಲ್ಲ ಬ್ಯಾರೆ ಮುಚ್ಚಿದ್ರು. ಎಷ್ಟೊತ್ತು ಬದಕ್ತಾಳ? ಮುಂದ ಓದೋ ಯಪ್ಪಾ!"

"ಮುಂದ ಇಲ್ಲಬೇ. ಇಷ್ಟs."

ಪೆಂಡಾಲಿನಲ್ಲಿ ಗದ್ದಲವೆದ್ದಿತು. ಖುರ್ಷಿದ ಬಾಯಿಗೆ ಸೆರಗು ಹಿಡಿದುಕೊಂಡಿದ್ದಳು. ಆರತಿ ಹಿಡಿದ ಹೆಂಗಸರು ತಟ್ಟೆ ಕೆಳಗಿಟ್ಟರು. ಬಸವಂತರಾಯ ಗೌಡರು ನನ್ನ ಮುಖ ನೋಡಿದರು. ಅವರು ಏನು ಕೇಳುತ್ತಿದ್ದಾರೆ ಎಂದು ನನಗೆ ಗೊತ್ತಿತ್ತು. ಪುರಾಣ ಓದುವವರು ಸಂಕಟದ ಜಾಗದಲ್ಲಿ ಪುಸ್ತಕ ಮುಚ್ಚುವುದಿಲ್ಲ. ಯಾರಾದರೂ ಸಾಯುತ್ತಿದ್ದರೆ, ಕಾಡಿಗೆ ಹೋಗುತ್ತಿದ್ದರೆ, ಎಷ್ಟು ಹೊತ್ತಾದರೂ ಸರಿ, ಒಂದು ಒಳ್ಳೆಯ ಜಾಗ ಬರುವವರೆಗೆ ಓದಿಯೇ ಏಳಬೇಕು. ಇಲ್ಲದಿದ್ದರೆ ಕೇಳಿದವರು ಆ ಸಂಕಟವನ್ನು ಮನೆಗೆ ಹೊತ್ತುಕೊಂಡು ಹೋಗುತ್ತಾರೆ ಎಂದು ನಮ್ಮಪ್ಪ ನನಗೆ ಕಲಿಸಿದ್ದ. ಒಂದು ಹುಡುಗಿ ಉಸಿರಿಲ್ಲದ ಹಗೇವಿನಲ್ಲಿ ಬಿದ್ದಿರುವಾಗ ಮೇಲೆ ನಿಂತು ಮಂಗಲ ಹಾಡುವುದು ಹೇಗೆ?

"ಎರಡನೇ ಭಾಗ ಎಲ್ಲ್ಯದ್ರಿ ಪುರಾಣಿಕರ?" ಎಂದರು ಗೌಡರು.

ಕಂಬದ ಹತ್ತಿರ ಸಪ್ನಾ ತಲೆ ತಗ್ಗಿಸಿದಳು. ಇದನ್ನೇ ಅವಳು ಜೇವರ್ಗಿಯಲ್ಲಿ ಹೇಳಿದ್ದು. ಊರೆಲ್ಲ ತನ್ನನ್ನು ಬೈಯುತ್ತದೆ, ಅಪ್ಪ ಮತ್ತೊಮ್ಮೆ ನಾಲ್ಕು ಜನರೆದುರು ನಗುತ್ತಾನೆ ಎಂದು ಕಾಯುತ್ತಿದ್ದಳು.

ನಾನು ಮೈಕು ಹತ್ತಿರ ಎಳೆದುಕೊಂಡೆ. "ಎರಡನೇ ಭಾಗ ಇಲ್ರಿ. ಆಕಿ ಬರೀಬೇಕಂತ ಮಾಡಿದ್ಳು. ನಾ ಬಿಡಸೀನಿ. ಎರಡು ವರ್ಷದ ಹಿಂದ ಈ ಪುಸ್ತಕ ತಂದು ಕೈಯಾಗ ಕೊಟ್ಟಾಗ, ಹತ್ತು ಮಂದಿ ಮುಂದ, ಸುಳ್ಳ ಕಥಿ ಓದಾಂಗಿಲ್ಲ ಅಂದೆ. ಓದದs ಅಂದೆ. ನೀವು ಇಪ್ಪತ್ತಮೂರು ದಿನ ಕೇಳಿದ್ದು ನನ್ನ ದನಿ ಅಲ್ರಿ, ಆಕಿ ಬರದ ಮಾತು. ನನ್ನ ಹೊಟ್ಟ್ಯಾಗ ಇಂಥಾದೊಂದು ಹುಟ್ಟ್ಯಾದ ಅಂತ ನನಗs ಗೊತ್ತಿರಲಿಲ್ಲ." ಆಮೇಲೆ ಕಂಬದ ಕಡೆ ತಿರುಗಿದೆ. "ಸಪ್ನಾ, ತಪ್ಪಾತವ್ವ ನಂದು. ಹತ್ತು ಮಂದಿ ಮುಂದ ಅಂದಿದ್ದೆ, ಐನೂರು ಮಂದಿ ಮುಂದ ವಾಪಸ್ ತಗೊಳ್ಳಾಕತ್ತೇನಿ. ಬರಿ ತಾಯಿ."

ಎಲ್ಲರ ತಲೆಯೂ ಹಿಂದಕ್ಕೆ ತಿರುಗಿತು. ಸಪ್ನಾಳ ಮುಖ ಕೆಂಪಾಗಿತ್ತು, ಕಣ್ಣಲ್ಲಿ ನೀರು. ಅವಳು ಏನೋ ಹೇಳುವ ಮೊದಲೇ ನಿಂಬೆವ್ವ ಕೋಲೂರಿಕೊಂಡು ಅವಳ ಮುಂದೆ ಹೋಗಿ ನಿಂತಳು.

"ನೀನs ಏನು ಬರದಾಕಿ? ಏನಬೇ, ಹುಡುಗೀನ ಹಗೇವಿನಾಗ ಇಳಿಸಿ, ಮ್ಯಾಲ ಕಲ್ಲ ಮುಚ್ಚಿ, ನೀ ಆರಾಮ ಸಾಲ್ಯಾಗ ಲೆಕ್ಕ ಕಲಸ್ಕೋತ ಕುಂತೀದಿ? ಎರಡು ವರ್ಷ ಆತಂತ! ಕರುಳದಾವಿಲ್ಲ ನಿನಗ?"

ನನ್ನ ಮಗಳನ್ನು ಯಾರಾದರೂ ಬೈದರೆ ನಾನು ಸುಮ್ಮನಿರುವವನಲ್ಲ. ಅವತ್ತು ಸುಮ್ಮನಿದ್ದೆ. ಅಂಥ ಬೈಗುಳ ಬರೆಯುವವರಿಗೆ ಎಲ್ಲಿ ಸಿಗುತ್ತದೆ?

ಸಪ್ನಾ ಅಳುತ್ತಲೇ ನಕ್ಕಳು. ಕಣ್ಣೊರೆಸಿಕೊಂಡು, "ದೀಪದ್ದು ನನಗ ಗೊತ್ತಿರಲಿಲ್ಲಬೇ ಆಯಿ," ಎಂದಳು. "ಉಸಿರಿಲ್ಲದ ಹಗೇವಿನಾಗ ಉಸಿರು ಬರೂಹಂಗ ಮಾಡಾಕ ಏನರ ಹಾದಿ ಅದಾ?"

"ಯಾಕಿಲ್ಲ. ಕಂಬಳಿ ಒದ್ದಿ ಮಾಡಿ ಹಗ್ಗಕ್ಕ ಕಟ್ಟಿ ಕೆಳಗ ಮ್ಯಾಲ ಆಡಸ್ತಿದ್ರು. ಕೆಟ್ಟ ಗಾಳಿ ಹೊರಗ ಬರತಿತ್ತು."

"ಒದ್ದಿ ಕಂಬಳಿ," ಎಂದು ಸಪ್ನಾ ತನಗೇ ಹೇಳಿಕೊಂಡಳು. "ಒದ್ದಿ ಮೋಡ." ಆಮೇಲೆ ಸುತ್ತ ನೋಡಿ, ಶಾಲೆಯಲ್ಲಿ ಕೇಳುವ ಹಾಗೆ ಕೇಳಿದಳು. "ಯಾರತ್ರರ ಹಾಳಿ ಅದಾವೇನ್ರಿ?"

ಖುರ್ಷಿದ ಅಳತೆ ಬರೆದುಕೊಳ್ಳುವ ತನ್ನ ನೋಟ್‌ಬುಕ್ಕಿನ ಹಿಂಭಾಗದ ಹಾಳೆಗಳನ್ನು ಹರಿದು ಕೊಟ್ಟಳು. ಸಪ್ನಾ ನಿಂಬೆವ್ವನ ಕೈ ಹಿಡಿದುಕೊಂಡು ಮಠದ ಪಕ್ಕದ ಕೋಣೆಗೆ ಹೋಗಿ ಕೂತಳು.

ಹುಗ್ಗಿ ಬೆಂದಿತ್ತು. ವಾಸನೆ ಪೆಂಡಾಲು ತುಂಬಿತ್ತು. ಬಡಿಸುವವರು ಬಂದು ಎಲೆ ಹಾಕಲೇ ಎಂದು ಕೇಳಿದರು. ಬಸವಂತರಾಯ ಗೌಡರು ಎರಡೂ ಕೈ ಎತ್ತಿ ತಡೆದರು. "ಹುಡುಗಿ ಉಸಿರಾಡಲಿ. ಆಮ್ಯಾಗ ಊಟ."

ಸಣ್ಣ ಮಕ್ಕಳಿಗಷ್ಟೇ ಬಡಿಸಿದರು. ಉಳಿದ ಐನೂರು ಜನ ಕೂತರು. ಒಂದು ತಾಸು, ಒಂದೂವರೆ ತಾಸು. ಒಳಗಿನಿಂದ ಆಗಾಗ ನಿಂಬೆವ್ವನ ದನಿ ಕೇಳುತ್ತಿತ್ತು: "ಹಂಗಲ್ಲಬೇ, ಚಪ್ಪಡಿಗೆ ಮಣ್ಣ ಮೆತ್ತಿರತಾರ. ಅದನ್ನೂ ಬರಿ." ಹೊರಗೆ ಜಯಮಾಲಾ ನನ್ನ ಹತ್ತಿರ ಬಂದು ನೀರಿನ ತಂಬಿಗೆ ಇಟ್ಟು, ಒಮ್ಮೆ ನನ್ನ ಹೆಗಲು ಮುಟ್ಟಿ ಹೋದಳು. ಮೂವತ್ತೈದು ವರ್ಷದ ಸಂಸಾರದಲ್ಲಿ ಜನರ ನಡುವೆ ಅವಳು ಹಾಗೆ ಮಾಡಿದ್ದು ಅದೇ ಮೊದಲು.

ಎರಡು ತಾಸಾಗುವ ಹೊತ್ತಿಗೆ ಸಪ್ನಾ ಹೊರಗೆ ಬಂದಳು. ಬೆರಳಿಗೆಲ್ಲ ಶಾಯಿ. ಐದು ಹಾಳೆಗಳನ್ನು ನನ್ನ ಕೈಗೆ ಕೊಟ್ಟು ಕೆಳಗೆ, ಗದ್ದುಗೆಯ ಪಕ್ಕದಲ್ಲಿ ಕೂತಳು. ನಿಂಬೆವ್ವ ತನ್ನ ಜಾಗಕ್ಕೆ ಹೋಗಿ ಕಾಲು ಚಾಚಿದಳು.

ಹಾಳೆ ಬಿಡಿಸಿದೆ. ಒಂದು ಬದಿಗೆ ಯಾರದೋ ರವಿಕೆಯ ಅಳತೆ, ಇನ್ನೊಂದು ಬದಿಗೆ ನನ್ನ ಮಗಳ ಅಕ್ಷರ. ಮೈಕಿಗೆ ಬಾಯಿ ಕೊಟ್ಟು ಮೇಲಿನ ಸಾಲು ಓದಿದೆ.

"ಉಪ್ಪಿನ ಕೋಟೆ. ಸಂಪುಟ ಎರಡು. ಮೊದಲನೆಯ ಅಧ್ಯಾಯ."

ಓದಿ, ಹಾಳೆಯಿಂದ ಕಣ್ಣು ಕೀಳಲು ಆಗಲಿಲ್ಲ. ಮತ್ತೊಮ್ಮೆ ಓದಿದೆ, ಕಾರ್ಖಾನೆಯ ಗೇಟಿನವರೆಗೂ ಕೇಳಲಿ ಎಂದು.

"ಉಪ್ಪಿನ ಕೋಟೆ. ಸಂಪುಟ ಎರಡು. ಮೊದಲನೆಯ ಅಧ್ಯಾಯ."

ಮೂರನೇ ಸಲ ಶುರು ಮಾಡಿದಾಗ ನಿಂಬೆವ್ವ ಕೋಲಿನಿಂದ ಗದ್ದುಗೆ ಕುಟ್ಟಿದಳು.

"ಸಾಕು ಮಾಡೋ ನಿನ್ನ ಮಗಳ ಬಡಿವಾರ! ಮುಂದ ಓದು. ಮಾಣಿಕಿ ಇನ್ನಾ ಒಳಗs ಅದಾಳ."